ನೀರಿಲ್ಲದ ದಾರಿ

ಜುಲೈ 5, ಶನಿವಾರ

ಓಡಬಹುದು ಎಂದರು ಡಾಕ್ಟರು. ಬೇಡ ಅನ್ನುತ್ತಾರೆ ಎಂಬ ಧೈರ್ಯದ ಮೇಲೆಯೇ ನಾನು ಮಗಳು ಮಾನಸಳನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದು. ನನ್ನ ಮಾತು ಕೇಳದವಳು ಅವರ ಮಾತಾದರೂ ಕೇಳುತ್ತಾಳೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಓಡೋ ಹುಡುಗೀನ ಮನೇಲಿ ಕೂರಿಸಿದ್ರೆ ಫಿಟ್ಸ್ ಕಮ್ಮಿ ಆಗಲ್ಲ ನಾಗರಾಜು, ಹುಡುಗಿ ಕಮ್ಮಿ ಆಗ್ತಾಳೆ" ಎಂದರು. ಮಾನಸ ನನ್ನ ಕಡೆ ತಿರುಗಿ ನಕ್ಕಳು. ಎರಡು ತಿಂಗಳಿಂದ ನಕ್ಕಿರಲಿಲ್ಲ.

ಮೇ ತಿಂಗಳಲ್ಲಿ ಅಡುಗೆಮನೆಯಲ್ಲಿ ಒಂದು ಸಲ ಬಂತು. ಜೂನ್‌ನಲ್ಲಿ ಕಾಲೇಜಿಗೆ ಹೊರಡುವಾಗ ಬಾಗಿಲಲ್ಲೇ ಇನ್ನೊಂದು ಸಲ. ಎರಡನ್ನೂ ನೋಡಿದವರು ನಾನು ಮತ್ತು ನನ್ನ ಹೆಂಡತಿ ಇಂದ್ರಾಣಿ ಇಬ್ಬರೇ.

ಷರತ್ತುಗಳಿವೆ. ಮಾತ್ರೆ ಒಂದು ಹೊತ್ತೂ ತಪ್ಪಬಾರದು. ನಿದ್ದೆ ಕೆಡಬಾರದು. ಒಬ್ಬಳೇ ಓಡಬಾರದು. ನೀರಿನ ಹತ್ತಿರವಂತೂ ಒಬ್ಬಳೇ ಇರಲೇಬಾರದು. ಬಂದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಕೈಗೆ ಬೀಗದ ಕೈ ಕೊಡಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆ. ಬಂದ ದಿನಗಳನ್ನು ಬರೆದಿಡಿ ಅಂದರು. ಅದಕ್ಕೇ ಈ ನೋಟ್‌ಬುಕ್ಕು.

ವಾಪಸು ಬರುವಾಗ ಬಸ್ಸು ಶ್ರೀರಂಗಪಟ್ಟಣದ ಸೇತುವೆಯ ಮೇಲೆ ನಿಧಾನವಾಯಿತು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಜನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೈಮುಗಿದರು. ನಾನು ಮಾತ್ರ ಮುಖ ಆಚೆ ತಿರುಗಿಸಿದೆ.

ಮನೆಗೆ ಬಂದಮೇಲೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ, ಈ ವಿಷಯ ಈ ಮನೆಯ ಹೊಸ್ತಿಲು ದಾಟಬಾರದು. ಇಂದ್ರಾಣಿ ತಲೆಯಾಡಿಸಿದಳು. ಮಾನಸ ಕೇಳಿದಳು, "ಯಾಕಪ್ಪ, ನಾನೇನ್ ಕದ್ದಿದ್ದೀನಾ?"

ಜುಲೈ 8, ಮಂಗಳವಾರ

ಇವತ್ತು ಕಚೇರಿಯಲ್ಲಿ ಊಟದ ಹೊತ್ತಿಗೆ ಪಾಂಡವಪುರ ತಾಲ್ಲೂಕಿನ ನಕ್ಷೆ ಹರಡಿಕೊಂಡು ಕೂತೆ. ಇಪ್ಪತ್ತಾರು ವರ್ಷದಿಂದ ಭೂಮಾಪಕನಾಗಿದ್ದೇನೆ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಎಲ್ಲ ಕಡೆಯೂ ನೆಲ ಅಳೆದಿದ್ದೇನೆ. ಆದರೂ ಈ ನಕ್ಷೆಯಲ್ಲಿ ಇಷ್ಟೊಂದು ನೀಲಿ ಗೆರೆ ಇದೆ ಎಂದು ಇವತ್ತಿನವರೆಗೆ ಕಂಡಿರಲಿಲ್ಲ. ನಮ್ಮ ಮನೆಯಿಂದ ಮೂಡಣಕ್ಕೆ ಹೊರಟರೆ ದೊಡ್ಡ ನಾಲೆ. ಪಡುವಣಕ್ಕೆ ಹೊರಟರೆ ಅದರ ಸೀಳು ನಾಲೆ. ಮೇಲುಕೋಟೆ ದಿಕ್ಕಿಗೆ ತೊಣ್ಣೂರು ಕೆರೆ. ಕೆಳಕ್ಕೆ ಲೋಕಪಾವನಿ ಹೊಳೆ.

ಪಕ್ಕದ ಮೇಜಿನವರು ಏನು ಹುಡುಕುತ್ತಿದ್ದೀರಿ ಎಂದರು. ಗಡಿ ಗುರುತಿಸುವ ಹದ್ದುಬಸ್ತಿನ ಅರ್ಜಿಯೊಂದಿದೆ ಎಂದು ಸುಳ್ಳು ಹೇಳಿದೆ. ನಮ್ಮ ಕಚೇರಿಗೆ ಬರುವವರೆಲ್ಲ ನೀರು ನಮ್ಮ ಗದ್ದೆಗೆ ಬರಲಿ ಎಂದು ಬಡಿದಾಡುವವರು. ಈ ಸೀಮೆಯಲ್ಲಿ ನೀರಿಲ್ಲದ ದಾರಿ ಹುಡುಕುವವನು ನಾನೊಬ್ಬನೇ ಇರಬೇಕು.

ಕಡೆಗೆ ಒಂದು ಸಿಕ್ಕಿತು. ಮನೆಯಿಂದ ಕುಂತಿಬೆಟ್ಟದ ರಸ್ತೆ, ಬೆಟ್ಟದ ಬುಡ ಬಳಸಿಕೊಂಡು ಕಬ್ಬಿನ ಗದ್ದೆಗಳ ನಡುವಿನ ಗಾಡಿ ದಾರಿ, ಅದೇ ದಾರಿಯಲ್ಲಿ ವಾಪಸು. ಆರು ಕಿಲೋಮೀಟರು ನಾನೂರು ಮೀಟರು. ಒಂದೇ ಒಂದು ಕಡೆ ಮೋರಿ ಇದೆ. ಮೊಣಕಾಲುದ್ದದ ನೀರು. ಬಿದ್ದರೆ ಮೊಣಕಾಲುದ್ದವೂ ಸಾಕು.

ಜುಲೈ 13, ಭಾನುವಾರ

ಮೊದಲ ಓಟ. ಮಾನಸ ಮುಂದೆ, ಎಕ್ಸೆಲ್ ಗಾಡಿಯಲ್ಲಿ ನಾನು ಹಿಂದೆ. ಹ್ಯಾಂಡಲ್ಲಿಗೆ ನಾಯಿ ಹೆದರಿಸಲು ಒಂದು ಬೆತ್ತ ಸಿಕ್ಕಿಸಿಕೊಂಡಿದ್ದೆ. ಅವಳ ಹಿಮ್ಮಡಿಯ ಮೇಲೇ ಕಣ್ಣು. ಹೆಜ್ಜೆ ಸ್ವಲ್ಪ ಓರೆಯಾದರೂ ಬ್ರೇಕು ಹಿಡಿಯುತ್ತಿದ್ದೆ. ಒಮ್ಮೆ ಕಲ್ಲು ತಪ್ಪಿಸಲು ಅವಳು ಪಕ್ಕಕ್ಕೆ ನೆಗೆದಳು, ನಾನು ಗಾಡಿಯನ್ನೇ ಬೀಳಿಸಿಬಿಟ್ಟೆ.

"ಅಪ್ಪ, ನೀನಿಂಗೆ ಹಿಂದೆ ಗುರ್ ಅಂತ ಬಂದ್ರೆ ಉಸ್ರಾಡಕ್ಕೂ ಆಗಲ್ಲ. ಹೊಗೆ ಬೇರೆ."

"ಓಡು, ಮಾತಾಡ್ಬೇಡ."

ಬೆಟ್ಟದ ತಿರುವಿನಲ್ಲಿ ಮುನಾವರ್ ಪಾಷಾ ಅವರ ಟೀ ಅಂಗಡಿ. ಪಂಕ್ಚರನ್ನೂ ಹಾಕುತ್ತಾರೆ. ನನ್ನನ್ನು ನೋಡಿ, "ಏನ್ ಸಾರ್, ಭೂಮಿ ಅಳ್ದಿದ್ದು ಮುಗೀತಾ, ಈಗ ಮಗಳ ಓಟ ಅಳೀತಾ ಇದೀರಾ?" ಎಂದು ನಕ್ಕರು. ಜನವರಿಯಲ್ಲಿ ಜಿಲ್ಲಾ ಮಟ್ಟದ ಬೆಟ್ಟದ ಓಟವಿದೆ, ತಯಾರಿ ಎಂದೆ. ಅದು ಸುಳ್ಳಲ್ಲ.

ಜುಲೈ 14, ಸೋಮವಾರ

ಮಳೆ. ಓಟ ಇಲ್ಲ. ನೆಮ್ಮದಿ.

ಜುಲೈ 27, ಭಾನುವಾರ

ಅದೇ ದಾರಿ ಓಡಿ ಓಡಿ ಸಾಕಾಯಿತು, ಏರು ಬೇಕು ಎಂದು ಹಟ ಹಿಡಿದಳು. ಬೆಟ್ಟದ ಓಟಕ್ಕೆ ಏರು ಹತ್ತಿಯೇ ಕಲಿಯಬೇಕಂತೆ. ನಾಗಮಂಗಲದ ಕಡೆ ಕರೆದುಕೊಂಡು ಹೋದೆ. ಅಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ, ಒಣ ನೆಲ. ರಾಗಿ ಹೊಲ, ಬೋಳು ಗುಡ್ಡ, ಅಲ್ಲಲ್ಲಿ ಆಲದ ಮರ. ನಾನೇ ನೆಡಿಸಿದ ಗಡಿಯ ಬಾಂದು ಕಲ್ಲುಗಳು ಈಗಲೂ ಇವೆ. ಕೆರೆ ಇದೆ, ಆದರೆ ಅದರಲ್ಲಿ ಜಾಲಿ ಬೆಳೆದಿದೆ.

ಗುಡ್ಡದ ದಾರಿಗೆ ಗಾಡಿ ಹತ್ತಲಿಲ್ಲ. ನಾನು ಬುಡದಲ್ಲೇ ನಿಂತೆ. ಬಂಡೆಯ ಹಿಂದೆ ಅವಳ ಹಳದಿ ಅಂಗಿ ಮರೆಯಾಯಿತು. ಆರು ಐವತ್ತೆರಡು. ಕುರಿ ಮೇಯಿಸುತ್ತಿದ್ದ ಬೋರಯ್ಯ ಹತ್ತಿರ ಬಂದು ಕೂತ. ಹಳೆಯ ಪರಿಚಯ, ಅಳತೆಯ ದಿನಗಳಲ್ಲಿ ಸರಪಳಿ ಹಿಡಿಯಲು ಬರುತ್ತಿದ್ದವನು.

"ಅದ್ಯಾಕ್ ಸಾರ್, ಅಂಗ್ ಎದುರ್ಕಂಡ್ ನಿಂತಿದೀರಿ? ಚಿರ್ತೆ ಈ ಕಡೆ ಇಲ್ಲ ಬುಡಿ. ಓದ್ ತಿಂಗ್ಳು ಇತ್ತು, ಇಡ್ಕಂಡೋದ್ರು."

ಚಿರತೆಯ ಯೋಚನೆಯೇ ನನಗೆ ಬಂದಿರಲಿಲ್ಲ. ಈಗ ಅದೂ ಸೇರಿಕೊಂಡಿತು. ಬಂಡೆಯ ಮೇಲೆ ಒಬ್ಬಳೇ ಬಿದ್ದರೆ, ತಲೆ ಕಲ್ಲಿಗೆ ತಾಗಿದರೆ, ನಾನು ಹತ್ತಿ ಹೋಗುವಷ್ಟರಲ್ಲಿ ಎಷ್ಟು ನಿಮಿಷ. ಹನ್ನೊಂದು ನಿಮಿಷ ಕಳೆದು ಅವಳು ಇಳಿದು ಬಂದಳು. ಮುಖವೆಲ್ಲ ಬೆವರು, ಕಣ್ಣು ಹೊಳೆಯುತ್ತಿದ್ದವು. "ಮೇಲಿಂದ ಆದಿಚುಂಚನಗಿರಿ ಬೆಟ್ಟ ಕಾಣ್ಸುತ್ತಪ್ಪ!"

ಇನ್ನೊಮ್ಮೆ ಇಷ್ಟು ಹೊತ್ತು ಕಣ್ಣಿಗೆ ಮರೆಯಾಗಬೇಡ ಎಂದು ಬೈದೆ. 

ಆಗಸ್ಟ್ 10, ಭಾನುವಾರ

ಕೆ.ಆರ್.ಪೇಟೆಯಿಂದ ಅಕ್ಕ ಬಂದಿದ್ದಳು. ನಮ್ಮ ಮಾದಮ್ಮಕ್ಕ ಬಂದರೆ ಮನೆಯ ಎಲ್ಲ ಡಬ್ಬಿಗಳ ಮುಚ್ಚಳವೂ ತೆರೆಯುತ್ತದೆ. ಅವಳ ಊರಲ್ಲಿ ಒಬ್ಬ ಹುಡುಗ ಇದ್ದಾನಂತೆ, ಹೈಸ್ಕೂಲು ಮೇಷ್ಟ್ರು, ಹೇಮಾವತಿ ದಂಡೆಯಲ್ಲಿ ತೆಂಗಿನ ತೋಟ. ಡಿಗ್ರಿ ಮುಗಿದ ಕೂಡಲೇ ಮದುವೆ ಮಾಡಿಬಿಡೋಣ ಎಂದಳು. ಹಾಗೆ ಹೇಳುತ್ತಲೇ ಗೂಡಿನಲ್ಲಿದ್ದ ಮಾತ್ರೆಯ ಪಟ್ಟಿ ಎತ್ತಿಕೊಂಡಳು.

"ಇದ್ಯಾರ್ದುಲಾ ನಾಗ?"

"ಮಾನಸಂದು. ತಲೆನೋವಿಗೆ."

ಬಾಯಿಂದ ಸಲೀಸಾಗಿ ಬಂತು. ಬಾಗಿಲ ಹತ್ತಿರ ಮಾನಸ ತಟ್ಟೆ ಹಿಡಿದು ನಿಂತಿದ್ದಳು. ಅಕ್ಕನ ಮುಂದೆ ತಟ್ಟೆ ಇಟ್ಟು ಒಳಗೆ ಹೋದಳು. ಸಂಜೆ ಬಸ್‌ಸ್ಟ್ಯಾಂಡಿಗೆ ಅಕ್ಕನನ್ನು ಬಿಡಲೂ ಬರಲಿಲ್ಲ.

ಆಗಸ್ಟ್ 23, ಶನಿವಾರ

ಮೂರನೆಯದು. ಬೆಳಿಗ್ಗೆ 6.31ರಿಂದ 6.34.

ಬರೆಯಬೇಕು, ಕೈ ಬರುತ್ತಿಲ್ಲ.

ಆಗಸ್ಟ್ 24, ಭಾನುವಾರ

ನಡೆದದ್ದು ಹೀಗೆ. ಪಾಷಾ ಅವರ ಅಂಗಡಿಯ ಎದುರು ಬಂದಾಗ ಅವಳ ಓಟ ನಿಧಾನವಾಯಿತು. ಎಡಗೈ ಎದೆಯ ಹತ್ತಿರ ಮಡಚಿಕೊಂಡಿತು. ನಾನು ಗಾಡಿ ಬಿಟ್ಟು ಓಡಿದೆ, ಅಷ್ಟರಲ್ಲಿ ಬಿದ್ದಿದ್ದಳು. ಟೀ ಕುಡಿಯುತ್ತಿದ್ದ ಏಳೆಂಟು ಜನ ಸುತ್ತ ನೆರೆದರು. ಒಬ್ಬ ಅವಳ ಕೈಗೆ ಬೀಗದ ಕೈ ಗೊಂಚಲು ತುರುಕಿದ. ಇನ್ನೊಬ್ಬ ಚಪ್ಪಲಿ ಮೂಸಿಸಿ ಎಂದ. "ಏನ್ ಸಾರ್, ಏನಾಯ್ತು, ಮೊದ್ಲೂ ಬಂದಿತ್ತಾ?" ಎಂದು ಪಾಷಾ ನನ್ನ ತೋಳು ಹಿಡಿದು ಅಲ್ಲಾಡಿಸಿದರು.

ನಾನು ಹೇಳಿದ ಮಾತು ಇಲ್ಲಿ ಬರೆಯುತ್ತೇನೆ. "ಇಲ್ಲ, ಇಲ್ಲ. ಹೊಟ್ಟೆ ಹಸಿದು ತಲೆ ಸುತ್ತು ಬಂದಿದೆ."

ಪಾಷಾ ಅಂಗಡಿಗೆ ಓಡಿ ಸ್ಟೀಲಿನ ಚಮಚ ತಂದರು. ನಾಲಿಗೆ ಕಚ್ಚಿಕೊಳ್ಳುತ್ತಾಳೆ ಬೇಟಿ ಎಂದು ಹಲ್ಲುಗಳ ಮಧ್ಯೆ ಹಿಡಿಕೆ ತೂರಿಸಿದರು. ನಾನು ಮಂಡಿಯೂರಿ ಕೂತಿದ್ದೆ. ಬಾಯಿಗೆ ಏನನ್ನೂ ಇಡಬಾರದು ಎಂದು ನನಗೆ ಗೊತ್ತಿತ್ತು. ಇದೇ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೇನೆ. ಬೇಡ ಎಂದರೆ ಇದು ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರಲ್ಲ ಎಂದು ಆ ಹೊತ್ತಿನಲ್ಲೂ ಯೋಚನೆ ಬಂತು. ಸುಮ್ಮನಿದ್ದೆ. ಟಕ್ ಎಂದು ಸದ್ದಾಯಿತು.

ಮುಂದಿನ ಹಲ್ಲಿನ ಅರ್ಧ ಮುರಿದಿದೆ. ಒಸಡು ಹರಿದು ಹಳದಿ ಅಂಗಿಯೆಲ್ಲ ರಕ್ತ.

ಇವತ್ತು ಮಧ್ಯಾಹ್ನ ಅವಳು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಹಲ್ಲಿನ ಡಾಕ್ಟರು ಸರಿ ಮಾಡಿಕೊಡುತ್ತಾರೆ, ಪಾಷಾಗೆ ಬುದ್ಧಿ ಇಲ್ಲ, ಹೀಗಾ ಮಾಡುವುದು ಎಂದೆ. ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿದಳು.

"ಅವ್ರಿಗೆ ಗೊತ್ತಿರ್ಲಿಲ್ಲ ಅಪ್ಪ. ನಿಂಗೊತ್ತಿತ್ತು."

ಆಗಸ್ಟ್ 25, ಸೋಮವಾರ

ಕಚೇರಿಗೆ ಹೋದೆ. ಒಂದೇ ಗಡಿಯನ್ನು ಎರಡು ಸಲ ತಪ್ಪಾಗಿ ಅಳೆದೆ.

ಆಗಸ್ಟ್ 30, ಶನಿವಾರ

ಮೈಸೂರಿಗೆ ಹೋಗಿ ಬಂದೆವು. ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದಾರೆ. ಓಟ ನಿಲ್ಲಿಸಬೇಕಿಲ್ಲ ಎಂದು ಈ ಸಲವೂ ಅಂದರು. ಮಾನಸ ಕೇಳಲಿಲ್ಲ, ನಾನೇ ಕೇಳಿದೆ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಬೂಟುಗಳನ್ನು ಅಟ್ಟದ ಮೇಲೆ ಹಾಕಿದ್ದಾಳೆ ಎಂದು ಇಂದ್ರಾಣಿ ಹೇಳಿದಳು. "ಹಿಂದೆಲ್ಲ ಫಿಟ್ಸ್ ಬಂದ್ರೆ ಭಯ ಆಗ್ತಿತ್ತು ಕಣ್ರೀ. ಈಗ ಅವ್ಳು ಸುಮ್ನೆ ಕೂತಿರೋದು ನೋಡಿದ್ರೆ ಭಯ ಆಗುತ್ತೆ."

ಸೆಪ್ಟೆಂಬರ್ 6, ಶನಿವಾರ

ಪಾಷಾ ಅವರ ಅಂಗಡಿಗೆ ಹೋದೆ. ಎರಡು ಸಲ ಅಂಗಡಿ ದಾಟಿ ಮುಂದೆ ಹೋಗಿ, ಮೂರನೆಯ ಸಲ ನಿಲ್ಲಿಸಿದೆ. ಗಿರಾಕಿಗಳು ಇರಲಿಲ್ಲ. ಎಲ್ಲ ಹೇಳಿದೆ. ಮೇ ತಿಂಗಳಿಂದ ಇರುವುದು, ಮಾತ್ರೆ, ಡಾಕ್ಟರು ಹೇಳಿದ್ದು, ಅವತ್ತು ನಾನು ಹೇಳಿದ ಸುಳ್ಳು.

ಬೈಯುತ್ತಾರೆ ಅಂದುಕೊಂಡೆ. ಅವರು ಒಲೆ ಆರಿಸಿ ಬಂದು ಎದುರು ಕೂತರು. "ಸಾರ್, ಹದ್ನೈದು ದಿನದಿಂದ ನಾನು ಸರ್ಯಾಗಿ ಊಟ ಮಾಡಿಲ್ಲ. ಆ ಹಲ್ಲಿನ ಸದ್ದು ಕಿವೀಲಿ ಹಂಗೇ ಇದೆ. ಒಂದು ಮಾತು ಹೇಳ್ಬಾರ್ದಿತ್ತಾ ಸಾರ್? ನಾನು ಆ ಚಮಚ ಮುಟ್ತಿದ್ನಾ?"

 ಆಮೇಲೆ ಅವರೇ ಎದ್ದು ಬೆಂಚಿನ ಮೇಲೆ ಅಂಗಾತ ಮಲಗಿದರು. "ತೋರ್ಸಿ. ಹೆಂಗೆ ಹೊರಳಿಸ್ಬೇಕು?" ಅರವತ್ತು ವರ್ಷದ ದಪ್ಪ ಮನುಷ್ಯ. ಮೊಣಕಾಲು ಮಡಚಿಸಿ, ಭುಜ ಹಿಡಿದು ಎಳೆದೆ, ಬೆಂಚು ಕಿರ್ ಎಂದಿತು. ಟ್ರಾಕ್ಟರಿನವನೊಬ್ಬ ನಿಲ್ಲಿಸಿ, "ಪಾಷಾ ಸಾಬ್ರಿಗೇನಾಯ್ತು?" ಎಂದು ಗಾಬರಿಯಾದ. "ಏನೂ ಆಗಿಲ್ಲ ಕಣಯ್ಯ, ಕಲೀತಾ ಇದೀನಿ, ನೀನೂ ಬಾ" ಎಂದರು ಮಲಗಿದಲ್ಲಿಂದಲೇ. ಅವನೂ ಇಳಿದು ಬಂದು ನೋಡಿಕೊಂಡು ಹೋದ. ಅವನು ಯಾವ ಊರಿನವನು ಎಂದು ಕೇಳುವುದನ್ನು ಮರೆತೆ. ಯಾರ್ಯಾರಿಗೆ ಹೇಳುತ್ತಾನೋ.

ಸೆಪ್ಟೆಂಬರ್ 7, ಭಾನುವಾರ

ಪಾಷಾ ಅವರಿಗೆ ಹೇಳಿದೆ ಎಂದು ಮಾನಸಳಿಗೆ ತಿಳಿಸಿದೆ.  ಸಂಜೆ ಅಟ್ಟದ ಏಣಿ ಗೋಡೆಗೆ ಒರಗಿತ್ತು.

ಸೆಪ್ಟೆಂಬರ್ 14, ಭಾನುವಾರ

ನಾಗಮಂಗಲದ ಗುಡ್ಡ. ಬೋರಯ್ಯನಿಗೆ ಹೇಳಿದೆ, ಅವನು ಮೇಲಿದ್ದರೆ ನನಗೆ ಅನುಕೂಲ. "ಅಷ್ಟೆಯಾ? ನಾನು ಚಿರ್ತೆ ಅನ್ಕಂಡಿದ್ದೆ. ನಮ್ ಚಿಕ್ಕಪ್ಪಂಗೂ ಇತ್ತು, ಎಂಬತ್ ವರ್ಸ ಬದುಕ್ದ" ಎಂದ. ಕುರಿಗಳನ್ನು ಗುಡ್ಡದ ನೆತ್ತಿಗೆ ಹೊಡೆದುಕೊಂಡು ಹೋಗಿ ಅಲ್ಲಿಂದ ಟವೆಲ್ಲು ಬೀಸಿದ. ಅವಳು ಕಂಡಳು ಎಂದು ಅರ್ಥ. ಹದಿನಾಲ್ಕು ನಿಮಿಷ. ನಾನು ಬುಡದಲ್ಲಿ ಕಡಲೆಕಾಯಿ ತಿಂದೆ.

ಸೆಪ್ಟೆಂಬರ್ 21, ಭಾನುವಾರ

ಕರಿಘಟ್ಟಕ್ಕೆ ಕರೆದುಕೊಂಡು ಹೋಗು ಎಂದಳು. ಅಲ್ಲಿ ಲೋಕಪಾವನಿ ಕಾವೇರಿಗೆ ಸೇರುತ್ತದೆ, ಎರಡು ಹೊಳೆ. ಆಗುವುದಿಲ್ಲ ಎಂದೆ. ಮೆಟ್ಟಿಲು ಮಾತ್ರ ಹತ್ತುತ್ತೇನೆ, ನೀರಿಗೆ ಇಳಿಯುವುದಿಲ್ಲ ಎಂದಳು. ಬಾಬುರಾಯನಕೊಪ್ಪಲಿನ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ಹೋದೆವು. ನಾನೂ ಮೆಟ್ಟಿಲು ಹತ್ತಿದೆ, ಅವಳು ಮೂರು ಸಲ ಹತ್ತಿ ಇಳಿಯುವಷ್ಟರಲ್ಲಿ ಒಂದು ಸಲ. ಮೇಲೆ ಹೂ ಮಾರುವ ಹೆಂಗಸಿಗೆ, ಬಾಗಿಲಲ್ಲಿದ್ದ ಪೂಜಾರರಿಗೆ, ಫೋಟೋ ತೆಗೆದುಕೊಳ್ಳುತ್ತಿದ್ದ ಕಾಲೇಜು ಹುಡುಗಿಯರಿಗೆ ಹೇಳಿದೆ. ಹುಡುಗಿಯರು ಏನು ಮಾಡಬೇಕೆಂದು ಮೊಬೈಲಿನಲ್ಲಿ ಬರೆದುಕೊಂಡರು.

ಮೇಲಿನಿಂದ ಎರಡು ನೀರೂ ಕೂಡುವ ಜಾಗ ಕಾಣುತ್ತದೆ. ಲೋಕಪಾವನಿಯ ನೀರು ಸ್ವಲ್ಪ ದೂರ ಬೇರೆಯಾಗಿಯೇ ಹರಿದು ಆಮೇಲೆ ಸೇರುತ್ತದೆ.

ಅಕ್ಟೋಬರ್ 3, ಶುಕ್ರವಾರ

ಹೊಸ ತಲೆನೋವು. ಕಬ್ಬಿನ ಲಾರಿಗಳು ಶುರುವಾಗಿವೆ. ಬೆಟ್ಟದ ರಸ್ತೆಯಲ್ಲಿ ಬೆಳಿಗ್ಗೆ ಹೊತ್ತು ಒಂದರ ಹಿಂದೆ ಒಂದು, ಓಡುವವರಿಗೆ ಅಂಚೇ ಉಳಿದಿಲ್ಲ. ಬೇರೆ ದಾರಿ ಎಂದರೆ ನಾಲೆಯ ಏರಿ ಒಂದೇ. ನಾಲೆಯ ತೂಬು ನೋಡಿಕೊಳ್ಳುವ ನೀರುಗಂಟಿ ಸೋಮಯ್ಯನನ್ನು ಕಂಡು ಮಾತಾಡಿದೆ. ತೂಬಿನ ಮೇಲೆ ನಿಂತರೆ ಏರಿ ಎರಡೂ ಕಡೆ ನೇರ, ಒಂಬೈನೂರು ಮೀಟರು ಕಣ್ಣಳತೆಯಲ್ಲಿರುತ್ತದೆ.

"ನಾನಿಲ್ವಾ ಸಾರ್? ಮೂವತ್ ವರ್ಸದಿಂದ ಈ ನೀರ್ನೇ ಕಾಯ್ತಿದೀನಿ, ಒಂದ್ ಮಗೀನ ಕಾಯಕ್ಕಾಗಲ್ವಾ?"

ನಾಲೆಯ ಕಡೆ ಅಲ್ಲ, ಗದ್ದೆಯ ಕಡೆಯ ಅಂಚಿನಲ್ಲೇ ಓಡಬೇಕು, ಸೋಮಯ್ಯ ತೂಬಿನ ಮೇಲೆ ಇಲ್ಲದಿದ್ದರೆ ಹಿಂದಿರುಗಬೇಕು ಎಂದು ಮಾನಸಳಿಂದ ಮಾತು ತೆಗೆದುಕೊಂಡೆ. ಒಂದು ವಾರ ನಾನೂ ಹಿಂದೆ ಹೋಗುತ್ತೇನೆ.

ಅಕ್ಟೋಬರ್ 12, ಭಾನುವಾರ

ಅಕ್ಕ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು. "ಥೂ ನಿನ್ನ. ಎಣ್ ಮಗೀನ ಕಾಯ್ಲೆನ ಊರೆಲ್ಲ ಡಂಗೂರ ಸಾರ್ಕಂಡ್ ತಿರುಗ್ತಿದೀಯಂತಲ್ಲಾ? ನಮ್ಮೂರ್ಗಂಟ ಬಂದೈತೆ ಸುದ್ದಿ. ಆ ಮೇಷ್ಟ್ರು ಮನೇವ್ರು ಬ್ಯಾಡ ಅಂದ್ಬುಟ್ರು ಕಣ್ಲಾ!"

ಆ ಟ್ರಾಕ್ಟರಿನವನೇ ಇರಬೇಕು. ಹೋಗಲಿ ಬಿಡಕ್ಕ ಎಂದೆ. ನಿಮ್ಮ ತೋಟದ ಪಕ್ಕ ಹೇಮಾವತಿ ದಂಡೆಯ ಮೇಲೆ ಕಾಲುದಾರಿ ಇದೆಯಲ್ಲ, ಅಲ್ಲಿ ಬೆಳಿಗ್ಗೆ ಹೊತ್ತು ಜನ ಓಡಾಡುತ್ತಾರಾ ಎಂದು ಕೇಳಿದೆ, ರಜೆಯಲ್ಲಿ ಮಾನಸ ಬಂದರೆ ಓಡಲು ಬೇಕಾಗುತ್ತದೆ. ಅಕ್ಕ "ನಿಂಗೆ ತಲೆ ಕೆಟ್ಟೈತೆ" ಎಂದು ಫೋನಿಟ್ಟಳು.

ಅಕ್ಟೋಬರ್ 29, ಬುಧವಾರ

ಇಲಾಖೆಯಲ್ಲಿ ಅಳತೆಯ ಒತ್ತಡ. ಬೆಳಿಗ್ಗೆ ಬೇಗ ಹೊರಡಬೇಕು. ಹೀಗೆ ಏರ್ಪಾಡಾಗಿದೆ: ಅವಳು ಆರಕ್ಕೆ ಮನೆ ಬಿಡುತ್ತಾಳೆ, ಇಂದ್ರಾಣಿ ನನ್ನ ಎಕ್ಸೆಲ್ ಗಾಡಿಯಲ್ಲಿ ಏರಿಯವರೆಗೆ ಹಿಂದೆ ಹೋಗುತ್ತಾಳೆ. ಅಲ್ಲಿಂದ ಸೋಮಯ್ಯ ನೋಡುತ್ತಾನೆ. ಏರಿ ಇಳಿದು ಸ್ವಲ್ಪ ದೂರ ಬಂದರೆ ಪಾಷಾ ಅವರ ಅಂಗಡಿ. ಅವಳು ಕಂಡ ಕೂಡಲೇ ಸೋಮಯ್ಯನಿಂದ ಒಂದು ಮಿಸ್ಡ್ ಕಾಲ್, ಪಾಷಾ ಅವರಿಂದ ಒಂದು. ಎರಡೂ ಬಂದ ಮೇಲೆ ನಾನು ತಿಂಡಿ ತಿನ್ನುತ್ತೇನೆ. ಮೊನ್ನೆ ಪಾಷಾ ಮರೆತಿದ್ದರು, ಹದಿನೆಂಟು ನಿಮಿಷ ನಾನು ತಟ್ಟೆ ಮುಟ್ಟಲಿಲ್ಲ.

ನವೆಂಬರ್ 19, ಬುಧವಾರ

ನಾಲ್ಕನೆಯದು. ಬೆಳಿಗ್ಗೆ, ಏಳಕ್ಕೆ ಮೊದಲು. ನಿಖರ ಸಮಯ ಗೊತ್ತಿಲ್ಲ. ಮೂರು ನಿಮಿಷಕ್ಕಿಂತ ಕಡಿಮೆ.

ನಾನು ನಾಗಮಂಗಲದ ಹತ್ತಿರ ಅಣ್ಣತಮ್ಮಂದಿರ ಜಮೀನಿನ ಅಳತೆಗೆ ಹೋಗಿದ್ದೆ. ಬಿಸಿಲೇರುವ ಮೊದಲು ಮುಗಿಸೋಣ ಎಂದು ಆರೂವರೆಗೇ ಶುರು ಮಾಡಿದ್ದೆವು. ಏಳಾಯಿತು, ಸೋಮಯ್ಯನ ಕರೆ ಇಲ್ಲ. ಏಳು ಹತ್ತು. ಪಾಷಾ ಅವರದೂ ಇಲ್ಲ. ನಾನೇ ಸೋಮಯ್ಯನಿಗೆ ಮಾಡಿದೆ, ಎತ್ತಲಿಲ್ಲ. ಪಾಷಾ ಎತ್ತಿ, "ಇನ್ನೂ ಬಂದಿಲ್ಲ ಸಾರ್. ನಾನು ಅಂಗಡಿ ಬಿಟ್ಟು ಏರಿ ಕಡೆ ಹೊರಟೆ" ಎಂದರು. ಅವರ ಚಪ್ಪಲಿಯ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು. ಆಮೇಲೆ ಕರೆ ಕಡಿದುಹೋಯಿತು.

ಅಣ್ಣತಮ್ಮಂದಿರು ಬದುವಿನ ಮೇಲೆ ನಿಂತು ಕಿರುಚಾಡುತ್ತಿದ್ದರು. ಕಲ್ಲು ಎಲ್ಲಿ ನೆಡುತ್ತೀರಿ ಎಂದು ಒಬ್ಬ ನನ್ನ ತೋಳು ಹಿಡಿದ. ಬಿಡಿಸಿಕೊಂಡು ಕಚೇರಿಯ ಸಹಾಯಕರ ಬೈಕು ಹತ್ತಿದೆ. ಮೂವತ್ತು ಕಿಲೋಮೀಟರು. ನೀರು, ನೀರು, ನೀರು ಎಂದು ದಾರಿಯುದ್ದಕ್ಕೂ ತಲೆಯಲ್ಲಿ ಬಡಿಯುತ್ತಿತ್ತು. ಜಕ್ಕನಹಳ್ಳಿ ದಾಟಿದ ಮೇಲೆ ಫೋನು ಬಂತು. ಮಾನಸಳದೇ ನಂಬರು. ಗಾಡಿ ನಿಲ್ಲಿಸಿದೆ. ಮೂರನೆಯ ರಿಂಗಿಗೆ ಎತ್ತಿದೆ.

ಒಬ್ಬಳು ಹೆಂಗಸು. "ಅಳತೆ ಸಾಬ್ರಾ? ನಿಮ್ ಮಗ್ಳು ಚೆನ್ನಾಗವ್ಳೆ ಕಣಪ್ಪ. ಮನಿಕ್ಕಂಡವ್ಳೆ. ಎದುರ್ಕಬ್ಯಾಡಿ, ನಿಧಾನ್ವಾಗ್ ಬನ್ನಿ."

ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು ಅತ್ತೆ.

ನವೆಂಬರ್ 20, ಗುರುವಾರ

ಕಾಲೇಜಿನ ಪರೀಕ್ಷೆಗೆಂದು ಎರಡು ದಿನ ನಿದ್ದೆ ಕೆಟ್ಟಿದ್ದಳು. ನಿನ್ನೆ ಇಂದ್ರಾಣಿ ಏರಿಯವರೆಗೆ ಬಿಟ್ಟು ಹಿಂದಿರುಗಿದ ಮೇಲೆ, ತೂಬಿನ ಮೇಲೆ ಸೋಮಯ್ಯ ಇಲ್ಲ ಎಂದು ಗೊತ್ತಾದರೂ ಮುಂದೆ ಓಡಿದ್ದಾಳೆ. ಅವನ ಹಸು ಈಯುತ್ತಿತ್ತಂತೆ, ಫೋನು ಮನೆಯಲ್ಲೇ ಬಿಟ್ಟು ಕೊಟ್ಟಿಗೆಯಲ್ಲಿದ್ದ. ಇವತ್ತು ಬಂದು ಬಾಗಿಲಲ್ಲಿ ನಿಂತು ಅಳುತ್ತಿದ್ದ. ಅವನದೇನು ತಪ್ಪು. ಮಾನಸಳೇ ಅವನಿಗೆ ಕಾಫಿ ಕೊಟ್ಟು ಸಮಾಧಾನ ಮಾಡಿದಳು.

ಸಂಜೆ ಆ ಹೆಂಗಸನ್ನು ಹುಡುಕಿಕೊಂಡು ಹೋದೆ. ಹೆಸರು ದೇವೀರಮ್ಮ. ಹಸುವಿಗೆ ಹುಲ್ಲು ಕುಯ್ಯಲು ಬಂದಿದ್ದವಳು. ಪಾಷಾ ಅವರ ಫೋನು ಸತ್ತಿತ್ತಂತೆ, ಅವರು ಏರಿಗೆ ಬಂದ ಮೇಲೆ ಮಾನಸಳ ಫೋನಿನಿಂದ ನನ್ನ ನಂಬರು ಒತ್ತಿಕೊಟ್ಟರಂತೆ. ನಾನು ಅವಳಿಗೆ ಯಾವತ್ತೂ ಏನೂ ಹೇಳಿರಲಿಲ್ಲ, ಅವಳ ಮುಖವನ್ನೇ ನೋಡಿರಲಿಲ್ಲ.

"ನೀರಿಂದ ಎರಡ್ ಮಾರಲ್ಲಿ ಬಿದ್ದಿದ್ಲು ಕಣಪ್ಪ. ಕಾಲ್ ಇಡ್ದು ಗದ್ದೆ ಕಡೀಕ್ ಎಳ್ಕಂಡೆ. ಮಗ್ಗುಲ್ ಮಾಡಿ ಮನಗ್ಸಿ ನನ್ ಸೆರಗ್ನ ತಲೆ ಕೆಳೀಕ್ ಇಟ್ಟೆ. ಯಾವನೋ ಬೈಕ್ನೋನು ಬೀಗದ್ಕೈ ತಂದ. ದೂರ ನಿಂತ್ಕ ಅಂತ ಕುಡುಗೋಲ್ ತೋರಿಸ್ದೆ. ಗಡಿಯಾರ ಇರ್ನಿಲ್ಲ, ಒಂದ್ರಿಂದ ಎಣಿಸ್ದೆ. ನೂರಾ ಎಪ್ಪತ್ತಕ್ಕೆ ಕಣ್ ಬುಟ್ಲು. ಮುನ್ನೂರು ಆಗಿದ್ರೆ ಆಸ್ಪತ್ರೆಗೆ ಅಂತ ಎತ್ತಾಕಂಡ್ ಓಗ್ತಿದ್ದೆ."

ಇದೆಲ್ಲ ನಿಮಗೆ ಯಾರು ಹೇಳಿದ್ದು ಎಂದೆ.

"ಅಯ್ಯೋ, ಅದ್ಯಾರ್ಗ್ ಗೊತ್ತಿಲ್ಲ? ಸೋಮಯ್ಯನ ಎಂಡ್ರು ಕಳೆ ಕೀಳೋವಾಗ ಯೋಳಿದ್ಲು. ಆಮ್ಯಾಕೆ ಡೈರಿ ಹತ್ರ ಎಲ್ರೂ ಮಾತಾಡ್ಕಂತಿದ್ರು. ಓಡೋ ಹುಡ್ಗಿ ಅಲ್ವಾ?"

ಅವಳ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಬುಡಿ ಬುಡಿ ಎಂದು ಕೈ ಎಳೆದುಕೊಂಡಳು.

ನವೆಂಬರ್ 29, ಶನಿವಾರ

ಮೈಸೂರು. ನಿದ್ದೆ ಕೆಡಿಸಿಕೊಂಡಿದ್ದಕ್ಕೆ ಡಾಕ್ಟರು ಮಾನಸಳಿಗೆ ಚೆನ್ನಾಗಿ ಬೈದರು. ಮೂರು ವಾರ ಸರಿಯಾಗಿದ್ದರೆ ಮತ್ತೆ ಓಡಬಹುದು, ಏರಿಯ ಮೇಲೆ ಮಾತ್ರ ಜೊತೆ ಇಲ್ಲದೆ ಬೇಡ. ಬರುವಾಗ ಶ್ರೀರಂಗಪಟ್ಟಣದಲ್ಲಿ ಇಳಿದು, ಹೊಳೆಯ ಮೆಟ್ಟಿಲ ಮೇಲೆ ಕೂತು ಮೂವರೂ ಚುರುಮುರಿ ತಿಂದೆವು.

ಡಿಸೆಂಬರ್ 22, ಸೋಮವಾರ

ಮತ್ತೆ ಶುರು. ದೇವೀರಮ್ಮನ ಮಗಳು ಅಕ್ಷಿತಾ ಸೈಕಲ್ಲಿನಲ್ಲಿ ಜೊತೆಗೆ ಹೋಗುತ್ತಾಳೆ. ಇಬ್ಬರೂ ಮಾತಾಡಿ ಮಾತಾಡಿ ನಿಧಾನ ಮಾಡುತ್ತಾರೆ.

ಜನವರಿ 11, ಭಾನುವಾರ

ಬೆಟ್ಟದ ಓಟ ಆಯಿತು. ನಾಗಮಂಗಲದ ಆಚೆ, ಎರಡು ಗುಡ್ಡ ಹತ್ತಿ ನಡುವಿನ ಹಳ್ಳ ದಾಟಿ ಹತ್ತು ಕಿಲೋಮೀಟರು. ಮೊದಲ ಆರು ಜನರಿಗೆ ರಾಜ್ಯ ಮಟ್ಟದ ಅವಕಾಶ. ನಲವತ್ತೊಂದು ಹುಡುಗಿಯರು.

ಬೆಳಿಗ್ಗೆ ಸಂಘಟಕರಿಗೆ ಹೇಳಿದೆ. ದಾರಿಯಲ್ಲಿ ನಿಲ್ಲುವ ಸ್ವಯಂಸೇವಕರಿಗೆಲ್ಲ ಗೊತ್ತಿರಲಿ ಎಂದು ಅವರು ಮೈಕಿನಲ್ಲೇ ಹೇಳೋಣವೇ ಎಂದರು. ಮಾನಸಳನ್ನು ಕೇಳಿದೆ. "ಹೇಳ್ಲಿ. ನಂಬರ್ ಸರ್ಯಾಗ್ ಹೇಳ್ಲಿ ಅಷ್ಟೆ, ಇಪ್ಪತ್ತೇಳು" ಎಂದು ಬೂಟಿನ ದಾರ ಕಟ್ಟಿಕೊಂಡಳು. ಅವರು ಎರಡು ಸಲ ಹೇಳಿದರು. ನನ್ನ ಹಿಂದೆ ಯಾರೋ ಪಿಸುಗುಟ್ಟಿದ್ದು ಕೇಳಿಸಿತು.

ಓಟ ಶುರುವಾದ ಮೇಲೆ ನಾನು ಮುಕ್ತಾಯದ ಹಗ್ಗದ ಹತ್ತಿರ ಜಾಗ ಹಿಡಿದು ನಿಂತೆ. ಅರ್ಧ ಗಂಟೆಯಾ‌ಗಿರಬಹುದು, ಒಬ್ಬರು ಪಕ್ಕಕ್ಕೆ ಬಂದರು. ನನ್ನಷ್ಟೇ ವಯಸ್ಸು. ಧರ್ಮೇಂದ್ರ ಅಂತೆ, ಬೆಳ್ಳೂರು ಕ್ರಾಸಿನಲ್ಲಿ ಹೋಟೆಲಿಟ್ಟಿದ್ದಾರೆ, ಅವರ ತಂಗಿಯ ಮಗಳೂ ಓಡುತ್ತಿದ್ದಾಳೆ. ಓಟದ ಬಗ್ಗೆ, ಬಿಸಿಲಿನ ಬಗ್ಗೆ ಏನೇನೋ ಮಾತಾಡಿದರು. ಆಮೇಲೆ ಸುತ್ತ ನೋಡಿ, ದನಿ ತಗ್ಗಿಸಿದರು.

"ಸಾರ್, ಮೈಕಲ್ಲಿ ಯೋಳಿದ್ರಲ್ಲ, ಇಪ್ಪತ್ತೇಳು. ನಿಮ್ ಮಗ್ಳಾ?"

ಹೌದು ಎಂದೆ.

"ನನ್ ದೊಡ್ ಮಗ್ಳಿಗೂ ಐತೆ ಸಾರ್. ಮೂರ್ ವರ್ಸ ಆಯ್ತು. ಮನೆಯಿಂದ ಆಚೆ ಕಳ್ಸಿಲ್ಲ. ಯಾರ್ಗೂ ಯೋಳಿಲ್ಲ. ಇವತ್ತೇ ಮೊದ್ಲು, ನಿಮ್ಗೆ."

 ಇಲ್ಲಿ ಬೇಡ ಎಂದು ಅವರನ್ನು ಹುಣಸೆ ಮರದ ನೆರಳಿಗೆ ಕರೆದುಕೊಂಡು ಹೋದೆ. ಯಾವ ಮಾತ್ರೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಯಾವ ಡಾಕ್ಟರು ಎಂದು ಕೇಳಿದೆ. ಡಾಕ್ಟರಿಗೇ ತೋರಿಸಿಲ್ಲವಂತೆ, ಯಂತ್ರ ಕಟ್ಟಿಸಿದ್ದಾರೆ. ಮುಂದಿನ ಶನಿವಾರ ನಾನೂ ಜೊತೆಗೆ ಬರುತ್ತೇನೆ, ಮೈಸೂರಿಗೆ ಹೋಗೋಣ ಎಂದೆ. ಮಗಳಿಗೆ ಏನು ಇಷ್ಟ ಎಂದು ಕೇಳಿದೆ. ಅವರು "ಗೊತ್ತಿಲ್ಲ ಸಾರ್, ಕೇಳಿಲ್ಲ" ಎಂದು ಮುಖ ಮುಚ್ಚಿಕೊಂಡರು. ಮಗಳ ಹೆಸರು ಮೇಘನ, ಹತ್ತೊಂಬತ್ತು ವರ್ಷ. ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ.

ಹಾಗೆ ಕೂತಿರುವಾಗ ಎದುರಿಗೆ ಯಾರೋ ಬಂದು ನಿಂತರು. ಕಾಲಿಗೆ ಬೂಟಿಲ್ಲ, ಕೈಯಲ್ಲಿ ಹಿಡಿದಿದ್ದಳು. ಮೊಣಕಾಲಿಗೆಲ್ಲ ಕೆಂಪು ಮಣ್ಣು.

"ಎಲ್ಲಿದ್ದೆ ಅಪ್ಪ? ಹಗ್ಗದ ಹತ್ರ ಎಲ್ಲಾ ಹುಡುಕ್ದೆ."

"ಮುಗೀತಾ?"

"ಆಗ್ಲೇ ಕಾಲ್ ಗಂಟೆ ಆಯ್ತು. ಏಳ್ನೇದು."

ಆರು ಜನರನ್ನು ತೆಗೆದುಕೊಂಡಿದ್ದಾರೆ. ನಾಲ್ಕು ಸೆಕೆಂಡು ತಡ. ಇನ್ನೂ ಏನೋ ಹೇಳಹೊರಟವಳು ಧರ್ಮೇಂದ್ರ ಕಣ್ಣೊರೆಸಿಕೊಳ್ಳುತ್ತಿರುವುದನ್ನು ನೋಡಿ ನಿಲ್ಲಿಸಿದಳು. ಯಾರು ಎಂದು ಕಣ್ಣಲ್ಲೇ ಕೇಳಿದಳು. ಹೇಳಿದೆ.

ಮಾನಸ ಬೂಟುಗಳನ್ನು ಪಕ್ಕಕ್ಕಿಟ್ಟು ಅವರ ಎದುರು ನೆಲದ ಮೇಲೆ ಕೂತಳು. "ಅಂಕಲ್, ಅವ್ಳ ನಂಬರ್ ಕೊಡಿ" ಎಂದಳು.